ರಾಜಾ ಅಂಪಾಟ್‌ಗೆ ಮೊದಲು ನೇತ್ರಾಣಿ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಎಲ್ಲರಿಗೂ ಹುಬ್ಬಳ್ಳಿಯಿಂದ ನಮಸ್ಕಾರ.

ಸುತ್ತಿ ಬಳಸಿ ಹೇಳುವುದಿಲ್ಲ. ಇಂಡೋನೇಷ್ಯಾದ ರಾಜಾ ಅಂಪಾಟ್ ದ್ವೀಪಗಳಿಗೆ ನವೆಂಬರ್‌ನಲ್ಲಿ ಹೊರಡಬೇಕಿದ್ದ ಸ್ಕೂಬಾ ಪ್ರವಾಸವನ್ನು, ಅಂದರೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಡೈವ್ ಮಾಡುವ ಪ್ರವಾಸವನ್ನು, ಫೆಬ್ರುವರಿಗೆ ಮುಂದೂಡಿದ್ದೇವೆ. ಗುಂಪಿನಲ್ಲಿ ಹತ್ತು ಜನರ ಬದಲು ಇನ್ನು ಆರೇ ಜನ. ಡೈವಿಂಗ್ ಕಲಿತ ಸರ್ಟಿಫಿಕೇಟ್ ಇದ್ದರೆ ಸಾಕು ಅಂತ ಇಷ್ಟು ದಿನ ಹೇಳುತ್ತಿದ್ದೆವು, ಇನ್ನು ಮೇಲೆ ಅದು ಸಾಲದು. ಕನಿಷ್ಠ 20 ಡೈವ್ ಆಗಿರಬೇಕು, ಅದರಲ್ಲಿ ನಾಲ್ಕನ್ನು ನಮ್ಮ ಜೊತೆ ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಮಾಡಿರಬೇಕು. ಮುಂಗಡ ಕಟ್ಟಿ, ಆಫೀಸಿನಲ್ಲಿ ರಜೆ ಹೇಳಿ ಕೂತವರಿಗೆ ಬೇಜಾರಾಗುತ್ತದೆ, ಗೊತ್ತು. ಯಾಕೆ ಅನ್ನುವುದನ್ನು ಪೂರ್ತಿ ಬರೆಯುತ್ತೇನೆ.

ಹೋದ ಸಲ ರಾಜಾ ಅಂಪಾಟ್‌ನ ಕ್ರಿ ದ್ವೀಪದ ಹತ್ತಿರ ಇಳಿದಿದ್ದೆವು. ಬೀಸಣಿಗೆಯ ಹಾಗೆ ಹರಡಿದ ಒಂದು ಹವಳದ ಮೇಲೆ ಪಿಗ್ಮಿ ಕಡಲ್ಗುದುರೆ ಕೂತಿತ್ತು. ಇಡೀ ಪ್ರಾಣಿ ಎರಡು ಸೆಂಟಿಮೀಟರ್ ಇದ್ದರೆ ಹೆಚ್ಚು. ಹವಳದ ಮೇಲಿನ ಗುಲಾಬಿ ಗಂಟುಗಳಂಥವೇ ಗಂಟು ಅದರ ಮೈಮೇಲೂ ಇರುತ್ತವೆ, ಹಾಗಾಗಿ ಗೈಡ್ ಬೆರಳು ತೋರಿಸಿದರೂ ಕಣ್ಣಿಗೆ ಬೀಳಲು ಹೊತ್ತು ಹಿಡಿಯುತ್ತದೆ. ನಮ್ಮ ಗುಂಪಿನವರೊಬ್ಬರು ನೋಡಲು ಮುಂದೆ ಬಂದರು. ಹಿಂದಿನಿಂದ ನೀರಿನ ಸೆಳೆತ ತಳ್ಳಿತು. ಗಾಬರಿಯಲ್ಲಿ ಕಾಲು ಬಡಿದರು, ಕಾಲಿಗೆ ಹಾಕುವ ಈಜುರೆಕ್ಕೆ (ಫಿನ್) ಪಕ್ಕದ ಕವಲು ಹವಳಕ್ಕೆ ತಾಗಿ ಮೊಣಕೈ ಉದ್ದದ ಒಂದು ಕೊಂಬೆ ಮುರಿದು ಬಿತ್ತು. ಮುರಿದ ಜಾಗ ಅಚ್ಚ ಬಿಳಿ, ಸೀಮೆಸುಣ್ಣ ಮುರಿದ ಹಾಗೆ. ಕವಲು ಹವಳ ಚೆನ್ನಾಗಿ ಬೆಳೆದರೂ ವರ್ಷಕ್ಕೆ ಸುಮಾರು 10 ಸೆಂಟಿಮೀಟರ್. ಗುಂಡಗೆ ಬೆಳೆಯುವ ಹವಳಕ್ಕೆ ವರ್ಷಕ್ಕೆ ಒಂದು ಸೆಂಟಿಮೀಟರ್ ಆದರೆ ಅದೇ ದೊಡ್ಡದು.

ತಪ್ಪು ಅವರದಲ್ಲ, ನಮ್ಮದು. ಸರ್ಟಿಫಿಕೇಟ್ ಕೊಡುವ ಮೊದಲ ಹಂತದ ಓಪನ್ ವಾಟರ್ ಕೋರ್ಸ್ ಅಂದರೆ ಸಮುದ್ರದಲ್ಲಿ ನಾಲ್ಕು ಡೈವ್, ಅದೂ ಸಾಮಾನ್ಯವಾಗಿ ಶಾಂತ ನೀರಿನಲ್ಲಿ. ಅಷ್ಟೇ ಅನುಭವ ಇದ್ದವರನ್ನು ಡ್ಯಾಂಪಿಯರ್ ಜಲಸಂಧಿಗೆ ನಾವೇ ಕರೆದುಕೊಂಡು ಹೋದೆವು. ವೈಗೇವೋ ಮತ್ತು ಬಟಾಂಟಾ ದ್ವೀಪಗಳ ನಡುವಿನ ಆ ಜಾಗದಲ್ಲಿ ನೀರು ಹೊಳೆಯ ಹಾಗೆ ಹರಿಯುತ್ತದೆ. ಆ ಸೆಳೆತ ಇಲ್ಲದಿದ್ದರೆ ಅಲ್ಲಿನ ಜೀವಸಂಪತ್ತೂ ಇರುತ್ತಿರಲಿಲ್ಲ. ನೀರಿನ ಜೊತೆ ಆಹಾರ ಬರುತ್ತದೆ, ಆಹಾರದ ಹಿಂದೆ ಮೀನು ಬರುತ್ತವೆ. ರಾಜಾ ಅಂಪಾಟ್‌ನಲ್ಲಿ 550ಕ್ಕೂ ಹೆಚ್ಚು ಜಾತಿಯ ಗಟ್ಟಿ ಹವಳಗಳಿವೆ, ಅಂದರೆ ಜಗತ್ತಿನಲ್ಲಿರುವುದರ ಸುಮಾರು ಮುಕ್ಕಾಲು ಪಾಲು. 2012ರಲ್ಲಿ ಮೀನುತಜ್ಞ ಜೆರಾಲ್ಡ್ ಅಲೆನ್ ಕೇಪ್ ಕ್ರಿಯಲ್ಲಿ ಒಂದೇ ಡೈವ್‌ನಲ್ಲಿ 374 ಜಾತಿಯ ಮೀನು ಎಣಿಸಿದ್ದರು. ಅಂಥ ಜಾಗದಲ್ಲಿ ಅಭ್ಯಾಸ ಮಾಡಬಾರದು. ಅಭ್ಯಾಸ ಮುಗಿಸಿಕೊಂಡೇ ಹೋಗಬೇಕು.

ಅಲ್ಲಿನ ಹಳ್ಳಿಗಳಲ್ಲಿ ಸಾಸಿ ಅಂತ ಒಂದು ಪದ್ಧತಿ ಇದೆ. ಸಮುದ್ರದ ಒಂದು ಭಾಗವನ್ನು ಕೆಲವು ಕಾಲ ಮುಚ್ಚಿಬಿಡುತ್ತಾರೆ, ಯಾರೂ ಮೀನು ಹಿಡಿಯುವಂತಿಲ್ಲ. ಕೇಳಿದಾಗ ನನಗೆ ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆ ನೆನಪಾಯಿತು. ಚಳಿಗಾಲದಲ್ಲಿ ಹಿಮಾಲಯ ದಾಟಿ ಹೆಬ್ಬಾತುಗಳು ಬಂದು ಇಳಿಯುತ್ತವಲ್ಲ, ಆಗ ದಂಡೆಯಲ್ಲಿ ಯಾರಾದರೂ ಗದ್ದಲ ಮಾಡಿದರೆ ಊರವರಿಗೆ ಹೇಗನಿಸಬೇಡ? ರಾಜಾ ಅಂಪಾಟ್‌ನ ಹಳ್ಳಿಗರ ಮನೆಯ ನೀರಿಗೂ ನಾವು ಹಾಗೇ ನೆಂಟರಾಗಿ ಹೋಗುತ್ತೇವೆ.

ಈಗ ನೇತ್ರಾಣಿಯಲ್ಲಿ ಏನು ಮಾಡುತ್ತೇವೆ ಅಂತ. ಹೆಚ್ಚು ಹೊತ್ತು ಒಂದೇ ಕೆಲಸ, ಬಾಯನ್ಸಿ. ಮೇಲಕ್ಕೂ ಹೋಗದೆ ಕೆಳಕ್ಕೂ ಇಳಿಯದೆ ನೀರಿನ ನಡುವೆ ಅಡ್ಡ ಮಲಗಿ ನಿಲ್ಲುವುದು. ಕೈ ಕಟ್ಟಿಕೊಂಡು ನಿಧಾನ ಉಸಿರು ಎಳೆದರೆ, ಒಂದೆರಡು ಕ್ಷಣ ಬಿಟ್ಟು ಮೈ ಗೇಣುದ್ದ ಮೇಲೇಳುತ್ತದೆ. ಉಸಿರು ಬಿಟ್ಟರೆ ಮತ್ತೆ ಇಳಿಯುತ್ತದೆ. ಆ ಒಂದೆರಡು ಕ್ಷಣ ತಡೆದುಕೊಳ್ಳಲು ಹೊಸಬರಿಗೆ ಆಗುವುದಿಲ್ಲ, ಗಡಿಬಿಡಿಯಲ್ಲಿ ಮೈಮೇಲಿನ ತೇಲುವ ಜಾಕೆಟ್‌ಗೆ ಗಾಳಿ ತುಂಬಿ ಸರ್ರನೆ ಮೇಲೆ ಹೋಗುತ್ತಾರೆ, ಗಾಬರಿಯಾಗಿ ಗಾಳಿ ಬಿಟ್ಟು ಹವಳದ ಮೇಲೆ ಇಳಿಯುತ್ತಾರೆ. ಇದು ಮಾತಿನಲ್ಲಿ ಹೇಳಿಕೊಟ್ಟರೆ ಬರುವುದಲ್ಲ, ನೀರಲ್ಲಿ ಇದ್ದು ಇದ್ದು ಬರಬೇಕು. ಮಳೆಗಾಲದಲ್ಲಿ ನೇತ್ರಾಣಿ ಬಂದ್. ಅದಕ್ಕೇ ಪ್ರವಾಸವನ್ನು ಫೆಬ್ರುವರಿಗೆ ಹಾಕಿದ್ದು, ನವೆಂಬರ್, ಡಿಸೆಂಬರ್ ಎರಡೂ ತಿಂಗಳು ಅಭ್ಯಾಸಕ್ಕೆ ಸಿಗುತ್ತವೆ. ರಾಜಾ ಅಂಪಾಟ್‌ನಲ್ಲೂ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಸಮುದ್ರ ಚೆನ್ನಾಗಿರುತ್ತದೆ, ಹಾಗಾಗಿ ನಷ್ಟ ಏನೂ ಇಲ್ಲ.

ನೇತ್ರಾಣಿಗೆ ಬರುವವರು ಸೋಮವಾರವೂ ರಜೆ ಹಾಕಿ. ಶುಕ್ರವಾರ ರಾತ್ರಿ ಹುಬ್ಬಳ್ಳಿ ಬಿಟ್ಟು, ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿದು ಹೋಗುತ್ತೇವೆ. ಆದರೆ ಭಾನುವಾರ ಡೈವ್ ಮುಗಿದ ಕೂಡಲೇ ವಾಪಸ್ ಘಾಟ್ ಹತ್ತುವುದಿಲ್ಲ. ಒತ್ತಡದಲ್ಲಿ ಉಸಿರಾಡಿದಾಗ ಮೈಯೊಳಗೆ ಸೇರಿದ ನೈಟ್ರೋಜನ್ ನಿಧಾನಕ್ಕೆ ಹೊರಗೆ ಹೋಗಬೇಕು. ಅಷ್ಟರೊಳಗೆ ಎತ್ತರಕ್ಕೆ ಹೋದರೆ ಅದು ಗುಳ್ಳೆಯಾಗಿ ಕೀಲು ನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ಏನು ಬೇಕಾದರೂ ಆಗಬಹುದು. ಡೈವ್ ಆದ ಮೇಲೆ ಕಾಯುವ ನಿಯಮ ವಿಮಾನಕ್ಕೆ ಮಾತ್ರ ಅಂದುಕೊಂಡವರೇ ಜಾಸ್ತಿ. ಹುಬ್ಬಳ್ಳಿ ಸಮುದ್ರ ಮಟ್ಟದಿಂದ 600 ಮೀಟರ್‌ಗೂ ಮೇಲಿದೆ, ನೆನಪಿರಲಿ. ಒಂದಕ್ಕಿಂತ ಹೆಚ್ಚು ದಿನ ಡೈವ್ ಮಾಡಿದವರು ವಿಮಾನ ಹತ್ತುವ ಮೊದಲು ಕನಿಷ್ಠ 18 ಗಂಟೆ ಕಾಯಬೇಕು ಅಂತ ಇದೆ, ನಾವು 24 ಗಂಟೆ ಇಟ್ಟುಕೊಂಡಿದ್ದೇವೆ. ರಾಜಾ ಅಂಪಾಟ್‌ನಲ್ಲೂ ಕೊನೆಯ ದಿನ ಡೈವ್ ಇಲ್ಲ. ಆ ದಿನ ಅಲ್ಲಿನ ವೈಸಾಯಿ ಪಟ್ಟಣದಿಂದ ಫೆರ್ರಿಯಲ್ಲಿ ಸೊರೊಂಗ್ ನಗರಕ್ಕೆ ಬಂದು ಉಳಿದು, ಮಾರನೇ ದಿನ ವಿಮಾನ.

ಕೈಗವಸು ತರಬೇಡಿ. ಕೈಗೆ ರಕ್ಷಣೆ ಇದ್ದರೆ ಹವಳ ಹಿಡಿಯುವ ಮನಸ್ಸಾಗುತ್ತದೆ. ಡಾಕ್ಟರ್ ಸರ್ಟಿಫಿಕೇಟ್ ಮೊದಲಿನಂತೆಯೇ ಬೇಕು.

ದುಡ್ಡಿನ ವಿಷಯ. ಆರು ಜನರಿಗೆ ದೋಣಿ, ಗೈಡ್ ಅಂದಾಗ ತಲಾ ಖರ್ಚು ಏರುತ್ತದೆ, ಹೊಸದಾಗಿ ಸೇರುವವರಿಗೆ ಬೆಲೆ ಜಾಸ್ತಿಯಾಗುತ್ತದೆ. ಈಗಾಗಲೇ ಮುಂಗಡ ಕಟ್ಟಿದವರಿಗೆ ಹಳೆಯ ಬೆಲೆಯೇ, ಅವರ ನೇತ್ರಾಣಿ ಖರ್ಚೂ ನಮ್ಮದೇ. ಬೇಡ ಅನ್ನುವವರಿಗೆ ಪೂರ್ತಿ ಹಣ ವಾಪಸ್, ಒಂದು ರೂಪಾಯಿಯೂ ಮುರಿದುಕೊಳ್ಳುವುದಿಲ್ಲ. ಫೆಬ್ರುವರಿಯೊಳಗೆ 20 ಡೈವ್ ಆಗದಿದ್ದರೆ ಮುಂದಿನ ವರ್ಷದ ಗುಂಪಿನಲ್ಲಿ ನಿಮ್ಮ ಜಾಗ ಹಾಗೇ ಇರುತ್ತದೆ. ಅಂಡಮಾನ್‌ನ ಸ್ವರಾಜ್ ದ್ವೀಪದ ಪ್ರವಾಸದಲ್ಲಿ ಏನೂ ಬದಲಾಗಿಲ್ಲ, ಮೊದಲ ಸಲ ನೀರಿಗಿಳಿಯುವವರು ಅಲ್ಲಿಗೇ ಬನ್ನಿ.

ಆಫೀಸಿಗೆ ಬರುವಾಗ ಮಾಡಿದ ಡೈವ್‌ಗಳನ್ನು ಬರೆದಿಟ್ಟ ನಿಮ್ಮ ಲಾಗ್‌ಬುಕ್ ತನ್ನಿ. ಕೂತು, ಒಟ್ಟಿಗೆ ಎಣಿಸೋಣ.