ಟ್ರೈನಿಂಗ್‌ಗೆ ಹೋಗೋ ಮುಂಚೆ ಇದನ್ನೊಮ್ಮೆ ಓದ್ಕೋ ಪುಟ್ಟಿ

ಪುಟ್ಟಿ,

ಮಾನವ ಕಳ್ಳಸಾಗಣೆ ಬಗ್ಗೆ ಆಸ್ಪತ್ರೇಲಿ ಟ್ರೈನಿಂಗ್ ಇಟ್ಟಿದ್ದಾರೆ, ಡ್ಯೂಟಿ ಮಧ್ಯೆ ಇದೊಂದು ಬೇರೆ ಅಂದ್ಯಲ್ಲ ಫೋನಲ್ಲಿ, ಆಗಿಂದ ನಂಗೆ ಅದೇ ಯೋಚನೆ. ಸೈನ್ ಹಾಕಿ ಎದ್ದು ಬರಬೇಡಮ್ಮ.

ನಾನು ನರ್ಸ್ ಆಗಿದ್ದಾಗ ಇದನ್ನೆಲ್ಲ ಯಾರೂ ಹೇಳ್ಕೊಟ್ಟಿರ್ಲಿಲ್ಲ. ಒಂದ್ಸಲ ಕೈ ಸುಟ್ಟ ಗಾಯ ಕೀವಾಗಿ ಒಬ್ಳು ಹುಡುಗಿ ಬಂದಿದ್ಲು, ಜೊತೆಗೊಬ್ಬ ಹೆಂಗಸು, ನಾನು ಕೇಳಿದ್ದಕ್ಕೆಲ್ಲ ಆ ಹೆಂಗಸೇ ಉತ್ತರ ಕೊಡೋದು, ಹುಡುಗಿ ಗುರುತಿನ ಚೀಟಿನೂ ಆಕೆ ಪರ್ಸಲ್ಲೇ. ಪಾಪ ಎಷ್ಟು ಕಾಳಜಿ ಅಂದ್ಕೊಂಡು ಡ್ರೆಸ್ಸಿಂಗ್ ಮಾಡಿ ಕಳಿಸಿಬಿಟ್ಟೆ. ಎರಡು ನಿಮಿಷ ಅವಳೊಬ್ಳನ್ನೇ ಮಾತಾಡಿಸ್ಬೇಕಿತ್ತು, ಇವತ್ತಿಗೂ ಅದು ಚುಚ್ಚುತ್ತೆ.

ಕಳ್ಳಸಾಗಣೆ ಅಂದ್ರೆ ಗಡಿ ದಾಟಿಸೋದು ಅಂದ್ಕೋಬೇಡ. ವಿಶ್ವಸಂಸ್ಥೆಯ 2000ದ ಪಲೆರ್ಮೊ ಪ್ರೋಟೋಕಾಲ್ ಅನ್ನೋ ಒಪ್ಪಂದದ ಪ್ರಕಾರ ಮೋಸದಿಂದಲೋ ಬಲವಂತದಿಂದಲೋ ಒಬ್ಬರನ್ನ ಶೋಷಣೆಗೋಸ್ಕರ ಇಟ್ಕೊಂಡ್ರೂ ಅದೇ, 18 ತುಂಬದ ಮಕ್ಕಳಾದ್ರೆ ಮೋಸ, ಬಲವಂತ ತೋರಿಸೋದೂ ಬೇಕಿಲ್ಲ. ತೀರದ ಸಾಲ ತೋರಿಸಿ, ಮನೆಯವರಿಗೆ ಏನಾದ್ರೂ ಮಾಡ್ತೀವಿ ಅಂತ ಹೆದರಿಸಿ ಇಟ್ಕೊಂಡ್ರೆ ಬೀಗನೇ ಬೇಡ ನೋಡು. 2021ರಲ್ಲಿ 2.76 ಕೋಟಿ ಜನ ಬಲವಂತದ ದುಡಿಮೇಲಿದ್ರು ಅಂತ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಅಂದಾಜು, ಅವರಿಗೂ ಜ್ವರ, ಹಲ್ಲುನೋವು, ಹೆರಿಗೆ ಇರುತ್ತಲ್ವಾ, ನಿನ್ನಂಥೋರ ಮುಂದೇನೇ ಬಂದು ಕೂರ್ತಾರೆ.

ಒಂದೇ ಲಕ್ಷಣ ನೋಡಿ ತೀರ್ಮಾನಕ್ಕೆ ಬರಬೇಡ. ಅನುಮಾನ ಬಂದ್ರೆ ಎಕ್ಸ್‌ರೇನೋ ಯೂರಿನ್ ಟೆಸ್ಟೋ ನೆಪ ಮಾಡಿ ಒಬ್ಳನ್ನೇ ಕರ್ಕೊಂಡು ಹೋಗು, ಭಾಷೆ ಬರದಿದ್ರೆ ಜೊತೆಗೆ ಬಂದೋರ ಕೈಲಿ ಅನುವಾದ ಮಾಡಿಸ್ಲೇಬೇಡ. ನಿನ್ನನ್ನ ಮಾರಿದ್ದಾರಾ ಅಂತ ಕೇಳಿದ್ರೆ ಇಲ್ಲ ಅಂತಾಳೆ, ಎಷ್ಟೋ ಜನಕ್ಕೆ ತಮಗಾಗ್ತಿರೋದಕ್ಕೆ ಆ ಹೆಸರಿದೆ ಅಂತಲೇ ಗೊತ್ತಿರಲ್ಲ. ಕೆಲಸ ಬಿಡ್ಬೇಕು ಅನ್ಸಿದ್ರೆ ಬಿಡಬಹುದಾ, ಕಾಗದಪತ್ರ ಯಾರ ಹತ್ರ ಇದೆ, ಮಲಗೋದೆಲ್ಲಿ, ಹೀಗೆ ಕೇಳು. ಯಾವುದನ್ನ ಗುಟ್ಟಾಗಿ ಇಟ್ಕೊಳ್ಳೋಕೆ ನಿಂಗಾಗಲ್ಲ ಅನ್ನೋದನ್ನ ಮೊದಲೇ ಹೇಳಿಬಿಡು, ಆಮೇಲೆ ಹೇಳಿದ್ರೆ ನಂಬಿಕೆ ಹೋಗುತ್ತೆ. ಜೊತೆಗೆ ಬಂದೋರ ಮೇಲೆ ಮಾತ್ರ ರೇಗಬೇಡ, ಏಟು ಬೀಳೋದು ಅವಳಿಗೆ. ದೊಡ್ಡೋಳಾಗಿದ್ದು ಏನೂ ಹೇಳಲ್ಲ ಅಂದ್ರೆ ಒತ್ತಾಯ ಬೇಡ, ಚೆನ್ನಾಗಿ ನೋಡ್ಕೊಂಡು, ಯಾವಾಗ ಬೇಕಾದ್ರೂ ವಾಪಸ್ ಬಾ ಅಂತ ಹೇಳು.

ಲಕ್ಷಣಗಳ ಸ್ಲೈಡ್ ಎಲ್ರೂ ತೋರಿಸ್ತಾರೆ, ಆದ್ರೆ ರಾತ್ರಿ ಎರಡು ಗಂಟೆಗೆ ಒಬ್ಳು ಬಾಯಿ ಬಿಟ್ರೆ ನಾನು ಯಾರಿಗೆ ಫೋನ್ ಮಾಡ್ಬೇಕು, ಆ ರಾತ್ರಿ ಅವಳು ಎಲ್ಲಿ ಮಲಗ್ತಾಳೆ ಅಂತ ನೀನು ಎದ್ದು ನಿಂತು ಕೇಳು. ಅವರೇನಂದ್ರು ಅಂತ ಸಂಜೆ ಫೋನ್ ಮಾಡಿ ಹೇಳು ನಂಗೆ.

ನಿನ್ನ ದೊಡ್ಡಮ್ಮ