ಪಿಯಾನೊ ನುಡಿಸುತ್ತಲೇ ಹಾಡಿ ಆಲ್ಬಂ ಮಾಡುವವರ ಗಮನಕ್ಕೆ

ಸದಸ್ಯರೇ, ಜಾಝ್-ಪಾಪ್ ಆಲ್ಬಂಗೆ ಹಾಡು, ಪಿಯಾನೊ ಎರಡನ್ನೂ ಒಟ್ಟಿಗೇ ರೆಕಾರ್ಡ್ ಮಾಡುವವರು ಸ್ಟುಡಿಯೊಗೆ ಹೋಗುವ ಮುಂಚೆ ಇದನ್ನು ಓದಿಕೊಳ್ಳಿ.

ದೊಡ್ಡ ತಲೆನೋವು ಅಂದರೆ ಹಾಡಿನ ಮೈಕ್‌ಗೆ ಪಿಯಾನೊ ಸದ್ದು ನುಗ್ಗುವುದು. ಆಮೇಲೆ ಒಂದು ಸ್ವರದ ಪಿಚ್ (ಸ್ವರದ ಎತ್ತರ) ತಿದ್ದಲು ಹೋದರೆ ಅದರ ಹಿಂದೆ ಸೇರಿಕೊಂಡ ಪಿಯಾನೊ ಕೂಡ ಅಲುಗಾಡುತ್ತದೆ, ಕೇಳಲಾಗದು. ಇದಕ್ಕೆ ಫಿಗರ್-ಎಯ್ಟ್ ಮೈಕ್ ಒಳ್ಳೆಯದು. ಅದು ಮುಂದೆ ಹಿಂದೆ ಎರಡೂ ಕಡೆ ಕೇಳಿಸಿಕೊಳ್ಳುತ್ತದೆ, ಪಕ್ಕಗಳಲ್ಲಿ ಮಾತ್ರ ಕಿವುಡು. ಮೈಕನ್ನು ಹಣೆಯ ಎತ್ತರದಲ್ಲಿ, ಬಾಯಿಂದ ಸುಮಾರು 15–20 ಸೆಂ.ಮೀ. ದೂರದಲ್ಲಿಟ್ಟು ಬಾಯಿಯತ್ತ ಕೆಳಕ್ಕೆ ಬಾಗಿಸಿ. ಕಿವುಡು ಪಕ್ಕ ತಾನಾಗಿ ತಂತಿಗಳ ಕಡೆ ತಿರುಗುತ್ತದೆ. ಗ್ರ್ಯಾಂಡ್ ಪಿಯಾನೊ ಆದರೆ ಮುಚ್ಚಳ ಗಿಡ್ಡ ಕೋಲಿನ ಮೇಲಿರಲಿ. ಪೂರ್ತಿ ಮುಚ್ಚಿದರೆ ಡಬ್ಬದೊಳಗಿಂದ ಬಂದಂಥ ಸದ್ದು. ಸ್ವಲ್ಪ ಸೋರಿಕೆ ಹೇಗೂ ಇರುತ್ತದೆ, ಅದೇ ಹೀಗೆ ನುಡಿಸುತ್ತಲೇ ಹಾಡುವ ಶೈಲಿಯ ಸೊಗಸೂ ಹೌದು. ಆದ್ದರಿಂದ ಪಿಚ್ ತಿದ್ದುವುದಕ್ಕಿಂತ ಇನ್ನೊಂದು ಟೇಕ್ ಹಾಡುವುದೇ ಮೇಲು.

ಪಿಯಾನೊ ಶ್ರುತಿ ಮಾಡಿಸುವಾಗಲೇ ಪೆಡಲ್‌ಗೂ ಎಣ್ಣೆ-ಗಿಣ್ಣೆ ನೋಡಿಸಿ. ಮೆಲುದನಿಯ ಹಾಡಿನಲ್ಲಿ ಪೆಡಲ್, ಸ್ಟೂಲುಗಳ ಕಿರುಗುಟ್ಟುವಿಕೆ, ಬಳೆಯ ಸದ್ದು ಎಲ್ಲವೂ ಸಿಕ್ಕಿಬೀಳುತ್ತವೆ.

ಜೊತೆಗೆ ಡಬಲ್ ಬೇಸ್ (ಕೆಳಸ್ವರಗಳ ದೊಡ್ಡ ತಂತಿವಾದ್ಯ) ನುಡಿಸುವವರಿದ್ದರೆ ಮೂಲಸ್ವರ ಅವರಿಗೇ ಇರಲಿ, ಪಿಯಾನೊದಲ್ಲಿ ನಿಮ್ಮ ಎಡಗೈ ಅದನ್ನು ನುಡಿಸದಿರಲಿ, ಇಲ್ಲದಿದ್ದರೆ ಕೆಳಸ್ಥಾಯಿ ಕಲಸಿಹೋಗುತ್ತದೆ. ಉದಾಹರಣೆಗೆ, ಸಿ ಮೂಲಸ್ವರವಾಗಿರುವ ಸಿ7 ಕಾರ್ಡ್‌ಗೆ (ಒಟ್ಟಿಗೆ ನುಡಿಸುವ ಸ್ವರಗುಚ್ಛಕ್ಕೆ) ಎಡಗೈಯಲ್ಲಿ ಇ, ಬಿ ಫ್ಲಾಟ್ ಎರಡೇ ಸಾಕು.

ರೆಕಾರ್ಡಿಂಗ್ 24 ಬಿಟ್ ವೇವ್ ಫೈಲ್‌ನಲ್ಲಿ ಮಾಡಿ. ಅತಿ ಜೋರಿನ ಜಾಗದಲ್ಲೂ ಸದ್ದಿನ ಮಟ್ಟ ತೋರಿಸುವ ಮೀಟರ್ ಮೈನಸ್ 10 ಡೆಸಿಬಲ್ ಆಸುಪಾಸು ನಿಲ್ಲಲಿ. ಜೋರು ಮಾಡುವ ಕೆಲಸ ಕೊನೆಯಲ್ಲಿ ಹಾಡನ್ನು ಹದಗೊಳಿಸುವ ಮಾಸ್ಟರಿಂಗ್‌ನಲ್ಲಿ ನೋಡಿಕೊಂಡರಾಯಿತು.