ಹೊರಗಿನ ಸೊಳ್ಳೆ ತರೋ ಮೊದಲು ನಮ್ಮ ಸೊಳ್ಳೆಯ ಕುಲ ನೋಡಿ: ಆರೋಗ್ಯ ಸಚಿವರಿಗೊಂದು ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ, ಹಳೇ ಹುಬ್ಬಳ್ಳಿಯಿಂದ ನಮಸ್ಕಾರ.

ನಾನು ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳುವ ಮಾಸ್ತರ. ನಮ್ಮ ಓಣಿಯಲ್ಲಿ ನಳದ ನೀರು ಬಂದ ದಿನ ಬ್ಯಾರಲ್, ಕೊಡ, ಬಕೆಟ್, ಕೊನೆಗೆ ಅಡುಗೆ ಪಾತ್ರೆ ಕೂಡ ತುಂಬಿ ಕೂರುತ್ತವೆ. ಮತ್ತೆ ನೀರು ಬರುವ ತನಕ ಯಾರೂ ಚೆಲ್ಲುವುದಿಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಾಗಿದ್ದೂ ಇದೇ. ನಿಂತ ನೀರು ವಾರ, ಹತ್ತು ದಿನ ಸಿಕ್ಕರೆ ಮೊಟ್ಟೆಗೆ ರೆಕ್ಕೆ ಬಂದುಬಿಡುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿದ್ದು ನಿಮಗೆ ಗೊತ್ತೇ ಇದೆ.

ನಾನು ಬರೆಯುತ್ತಿರುವುದು ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಬಗ್ಗೆ. ಇದು ಕೀಟಗಳ ಜೀವಕೋಶದೊಳಗೇ ಸಂಸಾರ ಹೂಡುತ್ತದೆ. 1924ರಲ್ಲಿ ಅಮೆರಿಕದಲ್ಲಿ ಇದನ್ನು ಮೊದಲು ನೋಡಿದ್ದು ಕ್ಯೂಲೆಕ್ಸ್ ಸೊಳ್ಳೆಯಲ್ಲಿ. ನಮ್ಮ ಗಟಾರದಲ್ಲಿ ಹುಟ್ಟಿ ರಾತ್ರಿಯೆಲ್ಲ ಕಿವಿ ಹತ್ತಿರ ಹಾಡುವ ಗುಂಗಾಡಿಯೂ ಅದೇ ಬಳಗದ್ದು. ಆದರೆ ಹಗಲು ಕಚ್ಚುವ ಈಡಿಸ್ ಈಜಿಪ್ಟಿಯಲ್ಲಿ ಇದು ತಾನಾಗಿ ಇರುವುದಿಲ್ಲ. ಪ್ರಯೋಗಾಲಯದಲ್ಲಿ ಅದರೊಳಗೆ ಸೇರಿಸಿದರೆ ಡೆಂಗಿ ವೈರಸ್ ಬೆಳೆಯಲು ಒದ್ದಾಡುತ್ತದೆ. ಇಂಡೊನೇಷ್ಯಾದ ಯೋಗ್ಯಕರ್ತಾದಲ್ಲಿ ಇಂಥ ಸೊಳ್ಳೆ ಬಿಟ್ಟ ಭಾಗಗಳಲ್ಲಿ ಡೆಂಗಿ 77% ಕಡಿಮೆಯಾಯಿತು. ಆ ಫಲಿತಾಂಶ 2021ರಲ್ಲಿ ಪ್ರಕಟವಾಗಿದೆ.

ಇದು ಹರಡುವ ರೀತಿ ಭಾಳ ಚಂದ. ವೊಲ್ಬಾಕಿಯಾ ತಾಯಿಯ ಮೊಟ್ಟೆಯ ಮೂಲಕ ಮಾತ್ರ ಮಕ್ಕಳಿಗೆ ದಾಟುತ್ತದೆ. ತಂದೆಯಿಂದ ಬರುವುದಿಲ್ಲ. ಹಾಗಾಗಿ ಅದು ಒಂದು ಕಿತಾಪತಿ ಮಾಡುತ್ತದೆ. ಅದು ಇರುವ ಗಂಡು, ಇಲ್ಲದ ಹೆಣ್ಣನ್ನು ಕೂಡಿದರೆ ಮೊಟ್ಟೆ ಒಡೆಯುವುದೇ ಇಲ್ಲ. ಅದು ಇರುವ ಹೆಣ್ಣಿಗೆ ಮಾತ್ರ ಯಾವ ಗಂಡಾದರೂ ನಡೆಯುತ್ತದೆ. ತಲೆಮಾರು ಕಳೆದ ಹಾಗೆ ಅವಳ ಸಂತಾನವೇ ಜಾಸ್ತಿ. ಜೀವಕೋಶಕ್ಕೆ ಶಕ್ತಿ ಕೊಡುವ ಮೈಟೋಕಾಂಡ್ರಿಯಾ ಕೂಡ ತಾಯಿ ಕಡೆಯಿಂದಲೇ ಬರುವುದಲ್ವಾ? ಅದೂ ಬ್ಯಾಕ್ಟೀರಿಯಾದ ಬೆನ್ನು ಹತ್ತುತ್ತದೆ. ಕೆಲವೇ ತಾಯಂದಿರ ವಂಶ ಊರು ತುಂಬುತ್ತದೆ, ಉಳಿದವು ಅಳಿಯುತ್ತವೆ. ಕ್ಯಾಲಿಫೋರ್ನಿಯಾದ ಒಂದು ಜಾತಿಯ ಹಣ್ಣಿನ ನೊಣಗಳಲ್ಲಿ ಈ ಅಲೆ ವರ್ಷಕ್ಕೆ ಸುಮಾರು 100 ಕಿ.ಮೀ. ಓಡಿತ್ತು. ಅಂದರೆ ಹುಬ್ಬಳ್ಳಿಯಿಂದ ಹೊರಟು ವರ್ಷದೊಳಗೆ ಬೆಳಗಾವಿ! ಈಡಿಸ್ ಅಷ್ಟು ದೂರ ಹಾರುವ ಹುಳ ಅಲ್ಲ. ಅದನ್ನು ಓಣಿ ಓಣಿಗೂ ಬಿಡಬೇಕು.

ಪುದುಚೇರಿಯಲ್ಲಿರುವ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಂಸ್ಥೆ ಆಸ್ಟ್ರೇಲಿಯಾದಿಂದ ಮೊಟ್ಟೆ ತರಿಸಿ, ಅಲ್ಲಿನ ಸ್ಥಳೀಯ ಸೊಳ್ಳೆ ಜೊತೆ ಕೂಡಿಸಿ ಇಂಥ ಎರಡು ತಳಿ ಬೆಳೆಸಿದೆ. 2022ರಲ್ಲೇ ಅದನ್ನು ಹೇಳಿದೆ. ಇವತ್ತಲ್ಲ ನಾಳೆ ಅವುಗಳನ್ನು ನಮ್ಮ ಕಡೆ ತರುವ ಮಾತು ಬರಬಹುದು. ಬರಲಿ. ಆದರೆ ಡಬ್ಬಿ ತಂದು ಸುಮ್ನೆ ಮುಚ್ಚಳ ತೆಗೆಯಬೇಡಿ ಸಾಹೇಬ್ರೇ.

ಬ್ರೆಜಿಲ್‌ನ ರಿಯೊ ನಗರದ ಕಥೆ ಕೇಳಿ. 2014ರಲ್ಲಿ ಅಲ್ಲಿನ ಟುಬಿಯಾಕಾಂಗಾ ಎಂಬ ಬಡಾವಣೆಯಲ್ಲಿ ವೊಲ್ಬಾಕಿಯಾ ಸೊಳ್ಳೆ ಬಿಟ್ಟರು. ಬಿಡುವುದು ನಿಲ್ಲಿಸಿದ ಮೇಲೆ ಅವು ಉಳಿಯಲಿಲ್ಲ. ಯಾಕೆ? ಊರ ಸೊಳ್ಳೆಗಳಿಗೆ ಪೈರೆಥ್ರಾಯ್ಡ್ ಎಂಬ ಸೊಳ್ಳೆ ಕೊಲ್ಲುವ ಔಷಧ ತಡೆದುಕೊಳ್ಳುವ ಜೀನ್ ಇತ್ತು. ಲ್ಯಾಬಿನಲ್ಲಿ ಸಾಕಿದವಕ್ಕೆ ಇರಲಿಲ್ಲ. ಮನೆಯ ಸ್ಪ್ರೇಗೆ ಅವೇ ಮೊದಲು ಸತ್ತವು. ಆಮೇಲೆ ಅವುಗಳನ್ನು ಊರ ಸೊಳ್ಳೆ ಜೊತೆ ಹಲವು ತಲೆಮಾರು ಕೂಡಿಸಿ, ಆ ಜೀನ್ ಬರುವಂತೆ ಮಾಡಿ ಮತ್ತೆ ಬಿಟ್ಟರು. ಈ ಸಲ ನೆಲೆ ನಿಂತವು. ಔಷಧಕ್ಕೆ ಜಗ್ಗದ ಸೊಳ್ಳೆಯನ್ನು ನಾವೇ ಬೆಳೆಸಿ ಬಿಡಬೇಕು ಅಂದರೆ ವಿಚಿತ್ರ ಅನ್ನಿಸುತ್ತದೆ. ನನ್ನ ವಿದ್ಯಾರ್ಥಿಗಳು ನಕ್ಕೇಬಿಟ್ಟರು. ಆದರೆ ದಾರಿ ಅದೇ.

ನಮ್ಮ ಮನೆಗಳಲ್ಲಿ ಕಾಯಿಲ್, ಲಿಕ್ವಿಡ್, ಸ್ಪ್ರೇ. ಬೀದಿಯಲ್ಲಿ ಫಾಗಿಂಗ್ ಹೊಗೆ. ಹೆಚ್ಚಿನವು ಪೈರೆಥ್ರಾಯ್ಡ್ ಗುಂಪಿನವೇ. ಹಾಗಾದರೆ ಹುಬ್ಬಳ್ಳಿ-ಧಾರವಾಡದ ಈಡಿಸ್ ಎಷ್ಟು ಗಟ್ಟಿಯಾಗಿದೆ? ಮೊದಲು ಇದನ್ನು ಅಳೆಸಿ. ಕಪ್ಪು ಡಬ್ಬಿಯಲ್ಲಿ ನೀರು, ಒಳಗೊಂದು ಕಾಗದದ ಪಟ್ಟಿ. ಸೊಳ್ಳೆ ಬಂದು ಅದರ ಮೇಲೆ ಮೊಟ್ಟೆ ಇಡುತ್ತದೆ. ಆ ಮೊಟ್ಟೆಯಿಂದ ಬೆಳೆದ ಸೊಳ್ಳೆಯನ್ನು ಔಷಧ ಸವರಿದ ಕಾಗದದ ಜೊತೆ ಒಂದು ತಾಸು ಇಟ್ಟು, 24 ತಾಸಿನ ನಂತರ ಸತ್ತವನ್ನು ಎಣಿಸುವುದು. ದೊಡ್ಡ ಖರ್ಚಿನ ಕೆಲಸ ಅಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟಶಾಸ್ತ್ರ ಓದುವ ಹುಡುಗರಿದ್ದಾರೆ, ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ವಿಭಾಗ ಇದೆ. ಅವರ ಕೈಗೆ ಕೊಡಿ.

ಬಿಸಿಲಿನ ಲೆಕ್ಕವೂ ಇರಲಿ. ಪುದುಚೇರಿಯ ಆ ಎರಡು ತಳಿಗಳಲ್ಲಿ ಒಂದರ ವೊಲ್ಬಾಕಿಯಾ ಸೆಕೆಗೆ ಸೊರಗುತ್ತದೆ, ಇನ್ನೊಂದರದು ಹೆಚ್ಚು ತಡೆಯುತ್ತದೆ. ಗದಗದ ಏಪ್ರಿಲ್‌ನಲ್ಲಿ ಮಾಳಿಗೆ ಮೇಲಿನ ಬ್ಯಾರಲ್ ನೀರು ಎಷ್ಟು ಕಾದಿರುತ್ತದೆ ಅಂತ ಒಮ್ಮೆ ಕೈ ಅದ್ದಿ ನೋಡಿ.

ಜನರಿಗೂ ಮೊದಲೇ ಹೇಳಿ. ಬೇರೆ ವಿಧಾನದ ಸೊಳ್ಳೆ ಬಿಡುವ ಯೋಜನೆಯೊಂದು ಹರಿಯಾಣದ ಸೋನಿಪತ್‌ನಲ್ಲಿತ್ತು. 1975ರಲ್ಲಿ ಅನುಮಾನ, ಆರೋಪಗಳ ನಡುವೆ ಅದು ನಿಂತೇ ಹೋಯಿತು. ನಮ್ಮ ಓಣಿಯಲ್ಲೂ "ಸರ್ಕಾರದವ್ರು ಸೊಳ್ಳಿ ತಂದು ಬಿಡಾಕತ್ತಾರ" ಅಂತ ಗುಲ್ಲೆದ್ದರೆ ಕಟ್ಟೆ ಮೇಲೆ ಕೂತು ಉತ್ತರ ಹೇಳಬೇಕಾದವ ನಾನೇ.

ಮೊಟ್ಟೆ ಡಬ್ಬಿ ಇಡಲು ನಮ್ಮ ಓಣಿಯ 20 ಮನೆಯವರನ್ನು ಒಪ್ಪಿಸಿದ್ದೇನೆ. ಡಬ್ಬಿ ಕಳಿಸಿಕೊಡಿ.

ಇಂತಿ,
ಹಳೇ ಹುಬ್ಬಳ್ಳಿಯ ಒಬ್ಬ ಜೀವಶಾಸ್ತ್ರ ಮಾಸ್ತರ